ಸಂಚಿ

ಕಾಯಿಲೆಗಳಲ್ಲಿ ಹೇಳಿಕೊಳ್ಳತಕ್ಕವು, ಹೇಳಿಕೊಳ್ಳಬಾರದವು ಎಂದು ಎರಡು ಪಂಗಡಗಳುಂಟು. ಮಂಡಿನೋವು, ಸಕ್ಕರೆ ಕಾಯಿಲೆ, ರಕ್ತದ ಒತ್ತಡ ಇವೆಲ್ಲ ಮೊದಲನೆಯ ಪಂಗಡಕ್ಕೆ ಸೇರಿದವು. ಮದುವೆಯ ಚಪ್ಪರದಲ್ಲಿಯೂ ಇವುಗಳನ್ನು ಕುರಿತು ಸಂಕೋಚವಿಲ್ಲದೆ ಮಾತನಾಡಬಹುದು; ದಿನಕ್ಕೆ ಎಷ್ಟು ಗುಳಿಗೆ ನುಂಗುತ್ತೇವೆಂಬ ವಿಷಯದಲ್ಲಿ ಸ್ವಲ್ಪ ಹೆಮ್ಮೆಯನ್ನೂ ಪಡಬಹುದು. ಸೊಂಟದಿಂದ ಕೆಳಗಿನ ಬೇನೆಗಳಿಗೆ ಆ ಭಾಗ್ಯವಿಲ್ಲ. ಮೂತ್ರದ ಸಂಗತಿಯಂತೂ ನಮ್ಮ ಶಾಲೆಯ ಮಕ್ಕಳು ಕಿರುಬೆರಳೆತ್ತಿ ತೋರಿಸಿ ಮುಗಿಸುವ ಸಂಗತಿ, ಬಾಯಿಂದ ಆಡುವುದಲ್ಲ. ಹೀಗಿರುವಲ್ಲಿ ಮೂತ್ರಕೋಶಕ್ಕೆ ಅರ್ಬುದರೋಗ ತಗಲಿದರೆ ಅದನ್ನು ಯಾರಲ್ಲಿ ಹೇಳುವುದು, ಯಾವ ಮಾತಿನಲ್ಲಿ ಹೇಳುವುದು? ಅದಕ್ಕೂ ಮಿಗಿಲಾಗಿ, ವೈದ್ಯರು ಎರಡು ಬಗೆಯ ಚಿಕಿತ್ಸೆಗಳನ್ನು ಮುಂದಿಟ್ಟು ನೀವೇ ಆರಿಸಿಕೊಳ್ಳಿರೆಂದು ಹೇಳಿದರೆ ಆ ಆಯ್ಕೆಯನ್ನು ಮಾಡುವುದು ಯಾವ ಭಾಷೆಯಲ್ಲಿ? ೨೦೨೩ರಿಂದ ಈಚೆಗೆ ಈ ಪ್ರಶ್ನೆಗಳು ನಮ್ಮ ಮನೆಯ ಜಗಲಿಗೆ ನೆಂಟರಂತೆ ಬಂದು ಕುಳಿತಿವೆ.

ನಮ್ಮ ತಂದೆಯವರಿಗೆ ಈಗ ಎಪ್ಪತ್ತಮೂರು ವರ್ಷ. ಕಾಸರಗೋಡು ಜಿಲ್ಲೆಯಲ್ಲಿ, ಬದಿಯಡ್ಕದಿಂದ ಒಳಗೆ ನಮ್ಮ ಮನೆ. ಮಳೆಗಾಲದಲ್ಲಿ ಅಡಿಕೆ ತೋಟಗಳಿಗೆ ಮದ್ದು ಬಿಡುವುದು, ಬೇಸಗೆಯಲ್ಲಿ ಸುರಂಗ ತೋಡುವುದು ಅವರ ಕಸುಬಾಗಿದ್ದಿತು. ಬೇರೆ ಸೀಮೆಯ ಓದುಗರಿಗಾಗಿ ಒಂದು ಮಾತು: ಸುರಂಗವೆಂದರೆ ಗುಡ್ಡದ ಮುರಕಲ್ಲಿನಲ್ಲಿ ಅಡ್ಡಲಾಗಿ ಕೊರೆದುಕೊಂಡು ಹೋಗಿ, ಕಲ್ಲಿನಿಂದ ಜಿನುಗುವ ನೀರನ್ನು ಅಂಗಳಕ್ಕೆ ಹರಿಯಿಸಿಕೊಳ್ಳುವ ಬಿಲ. ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟೇ ಅದರ ಅಗಲ, ಎತ್ತರ. ಒಳಗೆ ಹೋಗುವವನು ಬತ್ತಿ ಹಚ್ಚಿಕೊಂಡು ಹೋಗಬೇಕು. ಬತ್ತಿ ನಂದಿದರೆ ಉಸಿರಾಡಲು ಗಾಳಿಯಿಲ್ಲವೆಂದು ತಿಳಿದು ಹಿಂದೆ ಸರಿಯಬೇಕು. ಬಿಲದಿಂದ ಹೊರಗೆ ಬಂದಾಗಲೆಲ್ಲ ಒಂದು ಬೀಡಿ. ಹೀಗೆ ನಲವತ್ತು ವರ್ಷ.

೨೦೨೩ರ ಆಟಿ ತಿಂಗಳಲ್ಲಿ ಮೂತ್ರದ ಬಣ್ಣ ಕೆಂಪಾಯಿತಂತೆ. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. ತಂದೆಯವರು ಯಾರಲ್ಲಿಯೂ ಹೇಳದೆ ಅದನ್ನು ಉಷ್ಣವೆಂದು ತೀರ್ಮಾನಿಸಿ, ಬಾಳೆದಂಡಿನ ರಸ ಕುಡಿದರು. ಮೂರು ದಿನದಲ್ಲಿ ನಿಂತುಹೋಯಿತು. ಬಾಳೆದಂಡಿನ ಕೀರ್ತಿ ಹೆಚ್ಚಿತು. ಈ ರೋಗದ ಕಪಟವೆಲ್ಲ ಇರುವುದು ಇಲ್ಲಿಯೇ. ಅದು ಬಂದು ತನ್ನ ಗುರುತನ್ನು ತೋರಿಸುತ್ತದೆ, ಆ ಬಳಿಕ ತಾನಾಗಿಯೇ ಮರೆಯಾಗುತ್ತದೆ. ಯಾವ ಮದ್ದನ್ನು ಆಗ ಸೇವಿಸುತ್ತಿದ್ದೆವೋ ಆ ಮದ್ದಿಗೆ ಗೆಲುವಿನ ಹೆಸರು ಬರುತ್ತದೆ. ನೋವಿರುವ ರಕ್ತ ಮನುಷ್ಯನನ್ನು ವೈದ್ಯರಲ್ಲಿಗೆ ಓಡಿಸುತ್ತದೆ; ನೋವಿಲ್ಲದ ರಕ್ತ ಮನೆಯಲ್ಲಿ ಕುಳ್ಳಿರಿಸುತ್ತದೆ. ನಿಜವಾಗಿ ಹೆದರಬೇಕಾದುದು ಎರಡನೆಯದಕ್ಕೆ. ನಲವತ್ತು ದಾಟಿದವರ ಮೂತ್ರದಲ್ಲಿ ಒಮ್ಮೆ ರಕ್ತ ಕಂಡು ಮರುದಿನ ನಿಂತರೂ ಪರೀಕ್ಷೆ ಮಾಡಿಸತಕ್ಕದ್ದೆಂದು ನಮಗೆ ತಿಳಿಸಿದವರು, ಅಕ್ಟೋಬರಿನಲ್ಲಿ ರಕ್ತ ಮರಳಿ ಬಂದು ತಾಯಿಯವರ ಕಣ್ಣಿಗೆ ಬಿದ್ದ ಮೇಲೆ ನಾವು ಕಂಡ ವೈದ್ಯರು.

ನಮ್ಮ ಮನೆಮಾತು ತುಳು. ಓದಿದ್ದು, ಓದಿಸುವುದು ಕನ್ನಡ. ಕಚೇರಿಯ ಕಾಗದ ಮಲೆಯಾಳ. ವೈದ್ಯರ ವರದಿ ಇಂಗ್ಲಿಷು. ಸಭೆಗಳಲ್ಲಿ ಇದನ್ನು ಸಪ್ತಭಾಷಾ ಸಂಗಮಭೂಮಿಯೆಂದು ಹೊಗಳುವುದನ್ನು ಕೇಳಿದ್ದೇವೆ. ಸಂಗಮದಲ್ಲಿ ಕಾಲು ಜಾರುವುದೂ ಉಂಟು. ಕಾಸರಗೋಡಿನಲ್ಲಿ ಸ್ಕ್ಯಾನ್ ಮಾಡಿದ ತರುಣಿ ಮಲೆಯಾಳದಲ್ಲಿ, ಮೂತ್ರಸಂಚಿಯೊಳಗೆ ಒಂದು ಬೆಳವಣಿಗೆಯಿದೆಯೆಂದು ಮೆಲ್ಲನೆ ಹೇಳಿದಳು. ತಂದೆಯವರ ಕೈ ತಾನಾಗಿಯೇ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಎಲೆಯಡಿಕೆಯ ಸಂಚಿಯ ಕಡೆಗೆ ಹೋಯಿತು. ಅವರು ಬಲ್ಲ ಸಂಚಿ ಅದೊಂದೇ. ವೀಳ್ಯದೆಲೆ, ಹೋಳಡಿಕೆ, ಸುಣ್ಣದ ಡಬ್ಬಿಗಳ ಜೊತೆಗೆ ಬೀಡಿಯ ಕಟ್ಟೂ ಅದರಲ್ಲಿಯೇ ಇರುತ್ತಿದ್ದಿತು.

ಕನ್ನಡದಲ್ಲಿ ಹೇಳೋಣವೆಂದರೆ ಅಲ್ಲಿಯೂ ತೊಡಕು. ಪಠ್ಯಪುಸ್ತಕದಲ್ಲಿ ಮೂತ್ರಪಿಂಡ, ಮೂತ್ರಜನಕಾಂಗ, ಮೂತ್ರಕೋಶ, ಮೂತ್ರಾಶಯ ಎಂದು ಹೆಸರುಗಳಿಗೆ ಬರವಿಲ್ಲ. ಬಳಕೆಯಲ್ಲಿ ಮಾತ್ರ ಒಂದರ ಹೆಸರನ್ನು ಇನ್ನೊಂದಕ್ಕೆ ಇಡುತ್ತಾರೆ. ಪತ್ರಿಕೆಗಳೇ ಕಿಡ್ನಿಗೆ ಮೂತ್ರಕೋಶವೆಂದು ಬರೆಯುವುದುಂಟು. ಆದುದರಿಂದ ಸುದ್ದಿ ತಿಳಿದು ಬಂದ ಬಂಧುಗಳೊಬ್ಬರು, "ಹೆದರಬೇಡಿ ಭಾವ, ಒಂದು ಹೋದರೆ ಇನ್ನೊಂದು ಉಂಟಲ್ಲ" ಎಂದು ತಂದೆಯವರನ್ನು ಸಂತೈಸಿದರು. ಇನ್ನೊಂದಿಲ್ಲದ ಅಂಗವಿದು ಎಂಬುದನ್ನು ಅವರಿಗೆ ವಿವರಿಸುವಷ್ಟರಲ್ಲಿ ಚಹಾ ಆರಿಹೋಗಿದ್ದಿತು.

ಚಿಕಿತ್ಸೆಗೆ ಮಂಗಳೂರಿಗೆ ಹೋದೆವು. ೧೯೫೬ರ ನವೆಂಬರ್ ೧ರಂದು ನಮ್ಮ ಸೀಮೆ ಕೇರಳಕ್ಕೆ ಸೇರಿತು, ೧೯೮೪ರ ಮೇ ೨೪ರಂದು ಪ್ರತ್ಯೇಕ ಜಿಲ್ಲೆಯಾಯಿತು. ಆದರೆ ರೋಗಿಗಳ ದಾರಿ ಹಿಂದಿನಂತೆಯೇ ಬಡಗಲಿಗೆ ಉಳಿಯಿತು. ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ೨೦೧೩ರಲ್ಲಿ ಅಸ್ತಿಭಾರ ಬಿದ್ದು, ೨೦೨೦ರಲ್ಲಿ ಕೋವಿಡ್ ಆಸ್ಪತ್ರೆಯಾಗಿ ಅದರ ಬಾಗಿಲು ತೆರೆದು, ೨೦೨೨ರಲ್ಲಿ ಹೊರರೋಗಿಗಳ ವಿಭಾಗ ಆರಂಭವಾಯಿತು. ಅರ್ಬುದದ ಚಿಕಿತ್ಸೆಗೆ ಕೇರಳದೊಳಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಇದೆ, ತಿರುವನಂತಪುರದ ಪ್ರಾದೇಶಿಕ ಕೇಂದ್ರವಿದೆ. ಎರಡಕ್ಕೂ ಒಳ್ಳೆಯ ಹೆಸರಿದೆ. ನಮಗಾದರೋ ಮಂಗಳೂರು ಐವತ್ತು ಕಿಲೋಮೀಟರು. ತುಳು ಬಲ್ಲ ದಾದಿ, ಕನ್ನಡ ಬಲ್ಲ ವೈದ್ಯರು. ಆದರೂ ಮನಸ್ಸಿನ ಮೂಲೆಯಲ್ಲಿ ಒಂದು ಅಳುಕಿದ್ದಿತು. ೨೦೨೦ರ ಮಾರ್ಚಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದುದನ್ನೂ, ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತುದನ್ನೂ, ಏಪ್ರಿಲ್ ೧ರಂದು ಕೇರಳ ಹೈಕೋರ್ಟು ತಡೆಯನ್ನು ತೆರವು ಮಾಡಲು ಆಜ್ಞಾಪಿಸಿ ವಿಷಯ ಸುಪ್ರೀಂ ಕೋರ್ಟಿನ ತನಕ ಹೋದುದನ್ನೂ ಇಲ್ಲಿ ಯಾರೂ ಮರೆತಿಲ್ಲ. ವಾರ ತಪ್ಪದೆ ಹೋಗಬೇಕಾದ ಚಿಕಿತ್ಸೆಯೊಂದನ್ನು ಆರಿಸುವಾಗ, ದಾರಿ ತೆರೆದಿರುತ್ತದೆಯೆ ಎಂಬುದೂ ನಮ್ಮವರ ಲೆಕ್ಕದಲ್ಲಿ ಒಂದು ಅಂಕಿ.

ನವೆಂಬರಿನಲ್ಲಿ ಮೊದಲನೆಯ ಶಸ್ತ್ರಚಿಕಿತ್ಸೆಯಾಯಿತು. ಹೊಟ್ಟೆಯನ್ನು ಕೊಯ್ಯದೆ, ಮೂತ್ರದ ದಾರಿಯಲ್ಲಿಯೇ ದೀಪವಿರುವ ನಳಿಕೆಯನ್ನು ತೂರಿಸಿ, ಒಳಗಿನ ಗಡ್ಡೆಯನ್ನು ಕೆರೆದು ತೆಗೆಯುತ್ತಾರೆ. ತಂದೆಯವರಿಗೆ ಇದನ್ನು ವಿವರಿಸುವುದರಲ್ಲಿ ನಮಗೆ ಕಷ್ಟವಾಗಲಿಲ್ಲ. "ಸುರಂಗ ಕೆಲಸ" ಎಂದು ಅವರೇ ಹೇಳಿದರು. ಆ ಬಳಿಕ ವರದಿ ಬಂದಿತು. ಮೂತ್ರಕೋಶದ ಗೋಡೆಯಲ್ಲಿ ಒಳಮೈಯ ತೆಳ್ಳನೆಯ ಪೊರೆ, ಅದರಡಿಯಲ್ಲಿ ಮೆದುವಾದ ಒಂದು ಪದರ, ಅದಕ್ಕೂ ಕೆಳಗೆ ಮಾಂಸದ ದಪ್ಪ ಪದರ ಹೀಗೆ ಅಂತಸ್ತುಗಳಿವೆ. ಈ ರೋಗದ ಭವಿಷ್ಯವೆಲ್ಲ ಬೇರು ಯಾವ ಅಂತಸ್ತಿನವರೆಗೆ ಇಳಿದಿದೆಯೆಂಬುದರ ಮೇಲೆ ನಿಂತಿದೆ. ರೋಗ ಪತ್ತೆಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರಿಗೆ ಅದು ಮಾಂಸದ ಪದರವನ್ನು ಮುಟ್ಟಿರುವುದಿಲ್ಲ. ಸಾರಣೆ, ಅದರಡಿಯ ಮಣ್ಣು, ಮಣ್ಣಿನಡಿಯ ಕಲ್ಲು ಎಂದು ನಾವು ಮನೆಯಲ್ಲಿ ಹೆಸರಿಟ್ಟುಕೊಂಡೆವು. ತಂದೆಯವರದು ಮಣ್ಣಿಗೆ ಇಳಿದಿದ್ದಿತು, ಜಾತಿ ಉಗ್ರವಾದುದು. ಕಲ್ಲಿಗೆ ಇಳಿದಿತ್ತೆ? ಕೆರೆದು ತೆಗೆದ ಚೂರುಗಳಲ್ಲಿ ಮಾಂಸದ ಅಂಶವೇ ಇರಲಿಲ್ಲವಾದುದರಿಂದ ಹೇಳುವಂತಿರಲಿಲ್ಲ. ಆರು ವಾರದೊಳಗೆ ಅದೇ ಜಾಗವನ್ನು ಮತ್ತೊಮ್ಮೆ ಕೆರೆದು ನೋಡಬೇಕು ಎಂದರು. ಮೊದಲನೆಯದನ್ನು ಸರಿಯಾಗಿ ಮಾಡಲಿಲ್ಲವೇನೋ ಎಂದು ಊರಿನಲ್ಲಿ ಗುಸುಗುಸು ಎದ್ದಿತು. ವಾಸ್ತವವಾಗಿ, ಇಂಥ ವರದಿ ಬಂದವರಿಗೆಲ್ಲ ಎರಡನೆಯ ಬಾರಿ ಕೆರೆಯುವುದು ಲೋಕದ ಎಲ್ಲ ಕಡೆಯೂ ಇರುವ ಕ್ರಮ.

ಕಾರಣವೇನೆಂದು ಕೇಳಿದೆವು. ಕಾರಣ ತಿಳಿದರೆ ರೋಗ ಅರ್ಧ ವಾಸಿಯೆಂಬ ಭ್ರಮೆ ನಮಗೆಲ್ಲರಿಗೂ ಇದೆ. ಊರಿನವರು ಒಬ್ಬೊಬ್ಬರು ಒಂದೊಂದು ಹೇಳಿದ್ದರು. ಅಡಿಕೆಗೆ ಬಿಟ್ಟ ಮೈಲುತುತ್ತಿನ ಮದ್ದು ಎಂದರು ಕೆಲವರು. ಎಂಡೋಸಲ್ಫಾನ್ ಎಂದವರು ಹೆಚ್ಚು. ೧೯೭೦ರ ದಶಕದ ಕೊನೆಯಿಂದ ೨೦೦೦ದವರೆಗೆ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷವನ್ನು ಸುರಿದ ನೆಲದಲ್ಲಿ, ಪಡ್ರೆಯ ಮಕ್ಕಳನ್ನು ಕಣ್ಣಾರೆ ಕಂಡ ಜನರು ಪ್ರತಿಯೊಂದು ಬೇನೆಗೂ ಆಕಾಶವನ್ನು ನೋಡುವುದರಲ್ಲಿ ಆಶ್ಚರ್ಯವಿಲ್ಲ. ೨೦೧೧ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಲ್ಲಿಸಿತು. ಆದರೆ ಮೂತ್ರಕೋಶದ ಅರ್ಬುದಕ್ಕೂ ಅದಕ್ಕೂ ನಂಟು ಸಿದ್ಧಪಟ್ಟಿಲ್ಲವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದರು. ಅವರು ಬೆರಳು ಮಾಡಿ ತೋರಿಸಿದುದು ತಂದೆಯವರ ಸೊಂಟದ ಸಂಚಿಯನ್ನು. ಈ ರೋಗದಲ್ಲಿ ಸುಮಾರು ಅರ್ಧ ಪಾಲು ಹೊಗೆಬತ್ತಿಯಿಂದ ಬಂದುದು.

"ಹೊಗೆ ಹೋಗುವುದು ಎದೆಗಲ್ಲವೆ, ಉಚ್ಚೆಯ ಚೀಲಕ್ಕೆ ಹೇಗೆ ಬಂತು?" ಎಂದು ತಂದೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಹೊಗೆಯ ವಿಷಗಳಲ್ಲಿ ಕೆಲವು ಶ್ವಾಸಕೋಶದಿಂದ ರಕ್ತಕ್ಕೆ ಇಳಿದು, ಮೂತ್ರಪಿಂಡಗಳಲ್ಲಿ ಸೋಸಲ್ಪಟ್ಟು, ಮೂತ್ರದ ಜೊತೆಗೆ ಕೋಶದಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಒಳಗೋಡೆ ಅವುಗಳಲ್ಲಿ ನೆನೆಯುತ್ತದೆ. ಇದೇ ಜಾತಿಯ ರಾಸಾಯನಿಕಗಳು ಬಣ್ಣದ ಕಾರ್ಖಾನೆಗಳಲ್ಲಿಯೂ ಇದ್ದವು. ಜರ್ಮನಿಯ ಫ್ರಾಂಕ್‌ಫರ್ಟಿನ ಶಸ್ತ್ರವೈದ್ಯ ಲುಡ್ವಿಗ್ ರೇನ್ ೧೮೯೫ರಲ್ಲಿಯೇ, ಬಣ್ಣ ತಯಾರಿಸುವ ಕಾರ್ಮಿಕರಲ್ಲಿ ಈ ಗಡ್ಡೆಯನ್ನು ಕಂಡು ಲೋಕಕ್ಕೆ ತಿಳಿಸಿದ್ದನು.

ಈ ಮಾತನ್ನು ಹೇಳುವಾಗ ನಾವು ತಾಯಿಯವರ ಮುಖವನ್ನು ನೋಡಲಿಲ್ಲ. ಅವರು ಮೂವತ್ತೈದು ವರ್ಷಗಳಿಂದ ಬೀಡಿ ಕಟ್ಟುತ್ತಿದ್ದಾರೆ. ತಡಪೆಯನ್ನು ಮಡಿಲಲ್ಲಿಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ದಿನಕ್ಕೆ ಸಾವಿರ ಬೀಡಿ ಮುಗಿಸಿ, ಶನಿವಾರ ಬ್ರಾಂಚಿನಲ್ಲಿ ಮಜೂರಿ ಪಡೆಯುವುದು. ನಮ್ಮ ಶಾಲೆಯ ಮಕ್ಕಳಲ್ಲಿ ಹಲವರ ಪುಸ್ತಕದ ಚೀಲ ಈ ತಡಪೆಯಿಂದಲೇ ಬಂದುದು. ನಾವು ಶಿಕ್ಷಕರ ತರಬೇತಿ ಮುಗಿಸಿದುದೂ ತಾಯಿಯವರ ಬೀಡಿಯ ಹಣದಿಂದ. ಬೀಡಿ ಕೆಟ್ಟದ್ದೆಂದು ತರಗತಿಯಲ್ಲಿ ಪಾಠ ಹೇಳುವ ನಾಲಗೆಗೆ ಅನ್ನವಿಕ್ಕಿದುದು ಬೀಡಿಯೇ ಎಂಬುದನ್ನು ನಾವು ಬಲ್ಲೆವು. ಆದುದರಿಂದ ಈ ವಿಷಯದಲ್ಲಿ ಗಟ್ಟಿ ದನಿಯಿಂದ ಮಾತನಾಡುವವರನ್ನು ಕಂಡರೆ ನಮಗೆ ಸ್ವಲ್ಪ ಬೇಸರ. ತಾಯಿಯವರು ಮಾತ್ರ ಆ ರಾತ್ರಿ ಒಂದೇ ಮಾತನ್ನು ಕೇಳಿದರು: "ನಾನು ಕಟ್ಟಿದ್ದನ್ನು ಇವರು ಸೇದಿದ್ದುಂಟೋ?" ತಂದೆಯವರು, "ನಿನ್ನದನ್ನೆಲ್ಲ ಬ್ರಾಂಚಿನವರು ಲೆಕ್ಕ ಮಾಡಿ ಕೊಂಡೊಯ್ಯುತ್ತಿದ್ದರು. ನಾನು ಸೇದಿದ್ದು ಅಂಗಡಿಯದು" ಎಂದರು. ಅದು ಪೂರ್ಣ ಸತ್ಯವಲ್ಲವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು.

ಡಿಸೆಂಬರಿನ ಕೊನೆಯಲ್ಲಿ ಎರಡನೆಯ ಬಾರಿ ಕೆರೆದರು. ಕಲ್ಲು ಶುದ್ಧವಾಗಿದ್ದಿತು. ಸಂತೋಷಪಟ್ಟೆವು, ಆ ಸಂತೋಷದ ಬೆನ್ನಿಗೇ ಆಯ್ಕೆ ಬಂದಿತು. ವೈದ್ಯರು ಎರಡು ದಾರಿಗಳನ್ನು ಹೇಳಿದರು. ಒಂದು, ಕೋಶವನ್ನು ಉಳಿಸಿಕೊಂಡು, ಅದರೊಳಗೆ ಬಿ.ಸಿ.ಜಿ. ಮದ್ದನ್ನು ವಾರವಾರವೂ ತುಂಬುವುದು, ಮೂರು ತಿಂಗಳಿಗೊಮ್ಮೆ ದೀಪ ಹಾಕಿ ನೋಡುವುದು. ಇನ್ನೊಂದು, ರೋಗ ಕಲ್ಲಿಗಿಳಿಯುವ ಮೊದಲೇ ಇಡೀ ಕೋಶವನ್ನು ತೆಗೆದುಬಿಡುವುದು. ಎರಡೂ ಸರಿಯಾದ ದಾರಿಯೇ ಎಂದರು. ನಮ್ಮ ಕಡೆಯ ಜನರಿಗೆ ಇದಕ್ಕಿಂತ ಭಯಂಕರವಾದ ಮಾತು ಬೇರೆ ಇಲ್ಲ. ವೈದ್ಯರು ಗದರಿಸಿ ಅಪ್ಪಣೆ ಕೊಟ್ಟರೆ ಧೈರ್ಯ ಬರುತ್ತದೆ. ಕೇಳಿದರೆ ಧೈರ್ಯ ಹೋಗುತ್ತದೆ. ಅ‍ವರಿಗೇ ಗೊತ್ತಿಲ್ಲವೋ ಏನೋ ಎಂದು ಅಕ್ಕನವರು ಹೊರಗೆ ಬಂದು ಅತ್ತರು. ಶಾರ್ಜಾದಲ್ಲಿರುವ ಅಣ್ಣನವರು ಫೋನಿನಲ್ಲಿ, ತೆಗೆಸಿಬಿಡಿ, ಹಣಕ್ಕೆ ಯೋಚಿಸಬೇಡಿ ಎಂದರು.

ಹಣದ ಯೋಚನೆ ಇದ್ದೇ ಇದ್ದಿತು. ಕೇರಳದ ನೌಕರರಿಗೂ ಶಿಕ್ಷಕರಿಗೂ ೨೦೨೨ರ ಜುಲೈ ೧ರಂದು ಆರಂಭವಾದ ಮೆಡಿಸೆಪ್ ವಿಮೆ, ತಿಂಗಳಿಗೆ ೫೦೦ ರೂಪಾಯಿಯ ಕಡಿತಕ್ಕೆ ವರ್ಷಕ್ಕೆ ೩ ಲಕ್ಷದ ಆಸರೆ ಕೊಟ್ಟಿತ್ತು. ಅವಲಂಬಿತರಾದ ತಂದೆತಾಯಿಗಳಿಗೂ ಅದು ಅನ್ವಯ. ಉಳಿದುದಕ್ಕೆ ಸೊಸೈಟಿಯಲ್ಲಿ ತಾಯಿಯವರ ಬಳೆ. ಇದನ್ನು ಇಲ್ಲಿಗೇ ಬಿಡೋಣ.

ಮನೆಗೆ ಬಂದು ನಾವು ಒಂದನೆಯ ತರಗತಿಯ ಲೆಕ್ಕದ ಡಬ್ಬಿಯಿಂದ ನೂರು ಹುಣಿಸೆಬೀಜಗಳನ್ನು ತಟ್ಟೆಯಲ್ಲಿ ಸುರಿದೆವು. ತಂದೆಯವರಂಥ ವರದಿಯಿದ್ದ ಹದಿನೈದು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆಗಳನ್ನು ಒಟ್ಟುಗೂಡಿಸಿದ ಪರಿಶೀಲನೆಯೊಂದು ೨೦೧೫ರಲ್ಲಿ ಪ್ರಕಟವಾಗಿದೆ. ಅದರ ಪ್ರಕಾರ ಐದು ವರ್ಷಗಳಲ್ಲಿ ನೂರರಲ್ಲಿ ಸುಮಾರು ೪೨ ಮಂದಿಗೆ ರೋಗ ಕೋಶದೊಳಗೆ ಮರಳುತ್ತದೆ. ಸುಮಾರು ೨೧ ಮಂದಿಗೆ ಅದು ಮೊದಲಿಗಿಂತ ಆಳಕ್ಕಿಳಿಯುತ್ತದೆ. ಸುಮಾರು ೧೩ ಮಂದಿ ಅದರಿಂದಲೇ ತೀರಿಕೊಳ್ಳುತ್ತಾರೆ. ಬೀಜಗಳನ್ನು ಬದಿಗೆ ಸರಿಸುತ್ತ ಹೋದೆವು. ಎಲ್ಲರೂ ಮೊದಲೇ ಕೋಶವನ್ನು ತೆಗೆಸಿಬಿಟ್ಟರೆ, ಆಳಕ್ಕೆ ಇಳಿಯುವ ಆ ೨೧ರಲ್ಲಿ ಹಲವರು ಬದುಕಿಕೊಳ್ಳಬಹುದು. ಆದರೆ ಉಳಿದ ೭೯ ಮಂದಿ ಅಗತ್ಯವಿಲ್ಲದೆ ಕೋಶವನ್ನು ಕಳೆದುಕೊಳ್ಳುತ್ತಾರೆ, ಕೆಲವರು ದೊಡ್ಡ ಶಸ್ತ್ರಕ್ರಿಯೆಯ ಪೆಟ್ಟಿಗೇ ಬಲಿಯಾಗುತ್ತಾರೆ. ತಂದೆಯವರು ಬಹಳ ಹೊತ್ತು ತಟ್ಟೆಯನ್ನು ನೋಡಿದರು. ಆಮೇಲೆ, "ಇದರಲ್ಲಿ ನನ್ನ ಬೀಜ ಯಾವುದು?" ಎಂದರು.

ಹನ್ನೆರಡು ವರ್ಷ ಲೆಕ್ಕ ಕಲಿಸಿದ ನಮ್ಮಲ್ಲಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. ಯಾರಲ್ಲಿಯೂ ಇಲ್ಲ. ಸಂಖ್ಯೆ ಗುಂಪನ್ನು ಕುರಿತು ಸತ್ಯ ಹೇಳುತ್ತದೆ, ಒಬ್ಬನನ್ನು ಕುರಿತು ಸುಮ್ಮನಿರುತ್ತದೆ. ಆದರೂ ತಟ್ಟೆಯನ್ನು ತಂದುದು ವ್ಯರ್ಥವಾಯಿತೆಂದು ನಮಗೆ ಅನ್ನಿಸುವುದಿಲ್ಲ. ಅಲ್ಲಿಯವರೆಗೆ "ಉಂಟೋ ಇಲ್ಲವೋ" ಎಂದಿದ್ದ ಭಯಕ್ಕೆ ಆ ಸಂಜೆ ಒಂದು ಅಳತೆ ಬಂದಿತು.

ಕೋಶವನ್ನು ತೆಗೆದ ಬಳಿಕದ ಬಾಳು ಎಂತಹುದೆಂದು ತಿಳಿಸಿದವರು ಉಪ್ಪಳದ ಒಬ್ಬ ಹಾಜಿಯವರು. ಎರಡನೆಯ ಬಾರಿ ಕೆರೆಯುವಾಗ ಪಕ್ಕದ ಮಂಚದಲ್ಲಿ ಅವರಿದ್ದರು. ಅವರದು ಕಲ್ಲಿಗೆ ಇಳಿದ ರೋಗ. ಅವರ ಮುಂದೆಯೂ ಎರಡು ದಾರಿಗಳಿದ್ದವು: ಕೀಮೊಥೆರಪಿ ಪಡೆದು ಬಳಿಕ ಕೋಶವನ್ನು ತೆಗೆಸುವುದು, ಇಲ್ಲವೆ ಗಡ್ಡೆಯನ್ನು ಆದಷ್ಟು ಕೆರೆದು, ಮದ್ದಿನ ಜೊತೆಗೆ ವಿಕಿರಣವನ್ನು ಕೊಟ್ಟು ಕೋಶವನ್ನು ಉಳಿಸುವುದು. ಇವೆರಡರಲ್ಲಿ ಯಾವುದು ಮೇಲೆಂದು ಚೀಟಿಯೆತ್ತಿ ನಿರ್ಣಯಿಸುವ ಪರೀಕ್ಷೆಯೊಂದನ್ನು ಬ್ರಿಟನ್ನಿನಲ್ಲಿ ಆರಂಭಿಸಿದ್ದರಂತೆ. ಸೇರಲು ಸಾಕಷ್ಟು ಜನರು ಸಿಗದೆ ೨೦೧೦ರಲ್ಲಿ ಅದು ನಿಂತುಹೋಯಿತು. ತನ್ನ ದೇಹದ ಇಂಥ ಸಂಗತಿಯನ್ನು ಚೀಟಿಗೆ ಬಿಡಲು ಯಾರು ತಾನೆ ಒಪ್ಪಿಯಾರು? ಬಳಿಕ ೨೦೨೩ರಲ್ಲಿ ಅಮೆರಿಕ, ಕೆನಡಗಳ ೭೨೨ ರೋಗಿಗಳ ದಾಖಲೆಗಳನ್ನು ಹೋಲಿಸಿ ನೋಡಿದಾಗ, ಎರಡೂ ದಾರಿಗೆ ಯೋಗ್ಯರಾದವರಲ್ಲಿ ಐದು ವರ್ಷಗಳ ಫಲ ಹೆಚ್ಚುಕಡಮೆ ಸಮನಾಗಿಯೇ ಕಂಡಿತು. ಹಾಜಿಯವರು ತೆಗೆಸುವುದನ್ನು ಆರಿಸಿದರು. "ಒಳಗೆ ಇಟ್ಟುಕೊಂಡು ದಿನಾ ಹೆದರುವುದು ನನ್ನಿಂದ ಆಗುವುದಿಲ್ಲ ಮಾಷ್ಟ್ರೇ" ಎಂದರು.

ಕೋಶವನ್ನು ತೆಗೆದ ಮೇಲೆ ಸಣ್ಣ ಕರುಳಿನ ಒಂದು ಗೇಣಿನಷ್ಟು ತುಂಡನ್ನು ಬೇರೆ ಮಾಡಿ, ಮೂತ್ರನಾಳಗಳನ್ನು ಅದಕ್ಕೆ ಜೋಡಿಸಿ, ಅದರ ತುದಿಯನ್ನು ಹೊಟ್ಟೆಯ ಬಲಬದಿಗೆ ಹೊರತರುತ್ತಾರೆ. ಅಮೆರಿಕದ ಯೂಜೀನ್ ಬ್ರಿಕರ್ ೧೯೫೦ರಲ್ಲಿ ವಿವರಿಸಿದ ವಿಧಾನವಿದು. ಮೂತ್ರ ಸದಾ ಜಿನುಗುತ್ತದೆ. ಹೊರಗೆ ಅಂಟಿಸಿದ ಚೀಲದಲ್ಲಿ ತುಂಬುತ್ತದೆ. ಕರುಳಿನಿಂದಲೇ ಹೊಸ ಕೋಶವನ್ನು ಹೊಲಿದು ಒಳಗೆ ಕೂಡಿಸುವ ವಿಧಾನವೂ ಉಂಟು. ಅವರಿಗೆ ಅದು ಹೊಂದುವುದಿಲ್ಲವೆಂದರು. ಶಸ್ತ್ರಕ್ರಿಯೆಯ ಹಿಂದಿನ ದಿನ ದಾದಿ ಬಂದು, ಹಾಜಿಯವರನ್ನು ಕುಳ್ಳಿರಿಸಿ, ನಿಲ್ಲಿಸಿ, ನಮಾಜಿನಲ್ಲಿ ಬಗ್ಗುವಂತೆ ಬಗ್ಗಿಸಿ, ಮುಂಡು ಉಟ್ಟು ತೋರಿಸಲು ಹೇಳಿ, ಮಡಿಕೆಗೂ ಮುಂಡಿನ ಗಂಟಿಗೂ ತಾಗದ ಒಂದು ಜಾಗವನ್ನು ಹುಡುಕಿ ಪೆನ್ನಿನಿಂದ ಗುರುತು ಮಾಡಿದುದನ್ನು ನಾವು ಕಂಡೆವು. ಅಷ್ಟು ದೊಡ್ಡ ವಿದ್ಯೆಯೆಲ್ಲ ಕೊನೆಗೆ ಈ ಮನುಷ್ಯ ಮುಂಡನ್ನು ಎಲ್ಲಿ ಕಟ್ಟುತ್ತಾನೆಂಬುದಕ್ಕೆ ಬಂದು ನಿಂತಿದ್ದಿತು. ಚೀಲವಿದ್ದರೆ ನಮಾಜು ಹೇಗೆಂದು ಅವರು ಉಸ್ತಾದರಲ್ಲಿ ಮೊದಲೇ ಕೇಳಿಕೊಂಡಿದ್ದರು. ಪ್ರತಿಯೊಂದು ನಮಾಜಿಗೂ ಹೊಸದಾಗಿ ವುಜು ಮಾಡಿಕೊಂಡರೆ ಸಾಕೆಂದು ಅವರಿಗೆ ಉತ್ತರ ಸಿಕ್ಕಿದ್ದಿತು.

ತಂದೆಯವರ ಮನಸ್ಸಿನಲ್ಲಿಯೂ ಅದೇ ಪ್ರಶ್ನೆಯಿದ್ದಿತು. ಸಂಜೆ ದೈವದ ಕೋಣೆಯಲ್ಲಿ ದೀಪವಿಡುವವರು ಅವರು. ಮೈಮೇಲೆ ಚೀಲ ಕಟ್ಟಿಕೊಂಡು ದೀಪವಿಡಬಹುದೆ? ಅವರು ಯಾರನ್ನೂ ಕೇಳಲಿಲ್ಲ. ದೈವಕ್ಕೆ ಅಡ್ಡಿಯಿಲ್ಲ, ತನಗೆ ಅಡ್ಡಿ ಎಂದಷ್ಟೇ ಹೇಳಿದರು. ಎರಡು ದಿನ ಬಿಟ್ಟು ನಮ್ಮನ್ನು ಜಗಲಿಗೆ ಕರೆದು ತೀರ್ಮಾನವನ್ನು ತಿಳಿಸಿದರು. "ಸುರಂಗದಲ್ಲಿ ಮೇಲಿನಿಂದ ಮಣ್ಣು ಉದುರಿದರೆ ಕೂಡಲೇ ಬಿಟ್ಟುಬರುವುದಿಲ್ಲ. ದಿನಾ ದೀಪ ಹಿಡಿದು ಒಳಗೆ ಹೋಗಿ ನೋಡುತ್ತೇವೆ. ಕಲ್ಲು ಬಿರಿದ ಶಬ್ದ ಕೇಳಿದರೆ ಮಾತ್ರ ಮತ್ತೆ ಕಾಲಿಡುವುದಿಲ್ಲ. ಮೂರು ತಿಂಗಳಿಗೊಮ್ಮೆ ದೀಪ ಹಿಡಿದು ನೋಡುತ್ತಾರಲ್ಲ, ನೋಡಲಿ. ಬಿರಿಯಿತು ಎಂದರೆ ತೆಗೆಯಲಿ. ಆಗ ಯಾರೂ ಬೇಡವೆನ್ನಬಾರದು, ನಾನು ಹೇಳಿದರೂ ಕೇಳಬಾರದು." ಅಕ್ಕನವರೂ ಅಣ್ಣನವರೂ ಒಪ್ಪಿದರು. ಈ ಕೊನೆಯ ಕರಾರು ನಮ್ಮ ಮೇಲೆ ಇಂದಿಗೂ ಇದೆ.

೨೦೨೪ರ ಜನವರಿಯಲ್ಲಿ ಬಿ.ಸಿ.ಜಿ. ಆರಂಭವಾಯಿತು. ಹೆಸರು ಕೇಳಿ ನಾವು ಚಕಿತರಾದೆವು. ಅದು ಶಿಶುಗಳಿಗೆ ಕ್ಷಯದ ವಿರುದ್ಧ ಚುಚ್ಚುವ ಮದ್ದಲ್ಲವೆ? ನಮ್ಮ ತರಗತಿಯ ಮಕ್ಕಳೆಲ್ಲರ ಎಡತೋಳಿನಲ್ಲಿಯೂ ಅದರ ಕಲೆಯಿದೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ೧೯೦೮ರಿಂದ ೧೯೨೧ರವರೆಗೆ ಹದಿಮೂರು ವರ್ಷ, ಹಸುವಿನ ಕ್ಷಯದ ರೋಗಾಣುವನ್ನು ಪಿತ್ತ ಸೇರಿಸಿದ ಆಲೂಗಡ್ಡೆಯ ಮೇಲೆ ಇನ್ನೂರ ಮೂವತ್ತು ಬಾರಿ ಬೆಳೆಸಿ ಬೆಳೆಸಿ ಸೌಮ್ಯಗೊಳಿಸಿದುದರ ಫಲವಿದು. ಆ ಜೀವಂತ ರೋಗಾಣುವನ್ನು ಮೂತ್ರಕೋಶದೊಳಗೆ ಬಿಟ್ಟರೆ ದೇಹದ ಕಾವಲುಗಾರರು ಅದರ ಮೇಲೆ ಎರಗಿ ಬರುತ್ತಾರೆ. ಬಂದವರು ಅಲ್ಲಿಯೇ ಅಡಗಿದ್ದ ಅರ್ಬುದದ ಕಣಗಳನ್ನೂ ಕೊಲ್ಲುತ್ತಾರೆ. ಕೆನಡದ ಆಲ್ವಾರೊ ಮೊರಾಲೆಸ್ ೧೯೭೬ರಲ್ಲಿ ಒಂಬತ್ತು ರೋಗಿಗಳ ಮೇಲಿನ ಪ್ರಯೋಗವನ್ನು ಪ್ರಕಟಿಸಿದನು. ವಾರಕ್ಕೊಂದರಂತೆ ಆರು ವಾರವೇ ಏಕೆಂದರೆ, ಆಗ ಆ ಮದ್ದು ಆರರ ಪೊಟ್ಟಣದಲ್ಲಿ ಬರುತ್ತಿದ್ದಿತಂತೆ! ಇಷ್ಟು ವರ್ಷಗಳ ಮೇಲೆಯೂ ಲೋಕದಲ್ಲೆಲ್ಲ ಆ ಆರೇ ನಡೆಯುತ್ತಿದೆ.

ಆರು ಮಂಗಳವಾರ ಮಂಗಳೂರಿಗೆ ಹೋದೆವು. ಸಣ್ಣ ನಳಿಕೆಯಿಂದ ಸುಮಾರು ೫೦ ಮಿಲಿಲೀಟರ್ ಮದ್ದು ಒಳಗೆ ಬಿಡುತ್ತಾರೆ. ಎರಡು ಗಂಟೆ ಹಿಡಿದಿಟ್ಟುಕೊಳ್ಳಬೇಕು. ಆಮೇಲಿನ ಆರು ಗಂಟೆ ಮೂತ್ರದಲ್ಲಿ ಜೀವಂತ ರೋಗಾಣುಗಳಿರುವುದರಿಂದ ಕುಳಿತೇ ವಿಸರ್ಜಿಸಬೇಕು, ಬ್ಲೀಚಿನ ನೀರು ಹೊಯ್ದು ಕಾಲು ಗಂಟೆ ಬಿಡಬೇಕು. ತಂದೆಯವರು ವೈದ್ಯರಲ್ಲಿ ಕೇಳಿದ ಒಂದೇ ಪ್ರಶ್ನೆ, ಪಾಯಿಖಾನೆಯ ಗುಂಡಿಯಿಂದ ಸುರಂಗದ ನೀರಿಗೆ ಅದು ಇಳಿದೀತೆ ಎಂಬುದು. ಬ್ಲೀಚು ಇರುವುದು ಅದಕ್ಕಾಗಿಯೇ ಎಂದ ಮೇಲೆ ನಿಶ್ಚಿಂತರಾದರು. ನಾಲ್ಕನೆಯ ವಾರ ಮದ್ದಿನ ಸರಬರಾಜು ಆಗಿರಲಿಲ್ಲ. ಮೂರು ದಿನ ತಡವಾಯಿತು. ಆ ಮೂರು ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಐದನೆಯದರ ಬಳಿಕ ಉರಿ, ಚಳಿಜ್ವರ. ರಾತ್ರಿ ಏಳೆಂಟು ಬಾರಿ ಏಳುವುದು. ತಲಪಾಡಿಯಿಂದ ಕುಂಬಳೆಯವರೆಗೆ ಯಾವ ಪೆಟ್ರೋಲ್ ಬಂಕಿನಲ್ಲಿ ಶೌಚಾಲಯಕ್ಕೆ ಬೀಗವಿಲ್ಲವೆಂಬುದನ್ನು ನಾವೀಗ ಕಣ್ಣು ಮುಚ್ಚಿ ಹೇಳಬಲ್ಲೆವು.

ಸುಗ್ಗಿಯಲ್ಲಿ ದೀಪ ಹಾಕಿ ನೋಡಿದರು, ಶುದ್ಧ. ಅಂದಿನಿಂದ ನಮ್ಮ ಮನೆಯ ಪಂಚಾಂಗದಲ್ಲಿ ನಾಲ್ಕೇ ತಿಂಗಳು: ಸುಗ್ಗಿ, ಕಾರ್ತೆಲು, ನಿರ್ನಾಲ, ಪೆರಾರ್ದೆ. ತಪಾಸಣೆಗೆ ಮೊದಲಿನ ವಾರ ತಂದೆಯವರು ಮಾತು ಕಡಿಮೆ ಮಾಡುತ್ತಾರೆ, ತಾಯಿಯವರು ಹೆಚ್ಚು ಮಾಡುತ್ತಾರೆ. ನಡುನಡುವೆ ಮೂರು ಮೂರು ವಾರದ ಬಿ.ಸಿ.ಜಿ.ಯೂ ಉಂಟು; ಒಟ್ಟು ಮೂರು ವರ್ಷದ ಕ್ರಮವದು. ೨೦೨೫ರ ಜನವರಿಯಲ್ಲಿ, ಪೆರಾರ್ದೆಯ ತಪಾಸಣೆಯಲ್ಲಿ, ಒಳಗೋಡೆಯಲ್ಲಿ ಒಂದು ಕೆಂಪು ಮಚ್ಚೆ ಕಂಡಿತು. ಚೂರು ತೆಗೆದು ಪರೀಕ್ಷೆಗೆ ಕಳುಹಿಸಿದರು. ಹತ್ತು ದಿನ. ಕರಾರಿನ ಮಾತನ್ನು ಯಾರೂ ಎತ್ತಲಿಲ್ಲ. ತಂದೆಯವರು ಒಂದು ಸಂಜೆ ದೈವದ ಕೋಣೆಗೆ ಅಣ್ಣನ ಮಗನನ್ನು ಕರೆದುಕೊಂಡು ಹೋಗಿ, ಬತ್ತಿ ಹೊಸೆಯುವುದನ್ನೂ ಎಣ್ಣೆ ಹೊಯ್ಯುವುದನ್ನೂ ತೋರಿಸಿಕೊಟ್ಟರು. ನಾವು ಅಂಗಳದಲ್ಲಿ ನಿಂತು ನೋಡಿದೆವು. ಹನ್ನೊಂದನೆಯ ದಿನ ವರದಿ ಬಂದಿತು: ಮಚ್ಚೆ ಬಿ.ಸಿ.ಜಿ.ಯಿಂದಲೇ ಆದ ಉರಿಯೂತ, ರೋಗವಲ್ಲ. ಹೀಗಾಗುವುದು ಅಪರೂಪವಲ್ಲವಂತೆ. ಹುಡುಗ ದೀಪವಿಡುವುದನ್ನು ಬಿಡಲಿಲ್ಲ. ಈಗ ಇಬ್ಬರೂ ಹೋಗುತ್ತಾರೆ.

ಬೀಡಿಯನ್ನು ತಂದೆಯವರು ಮೊದಲನೆಯ ಶಸ್ತ್ರಚಿಕಿತ್ಸೆಯ ದಿನವೇ ಬಿಟ್ಟರು. ಸೊಂಟದ ಸಂಚಿಯಲ್ಲಿ ಈಗ ಎಲೆಯಡಿಕೆಯೂ ಇಲ್ಲ. ತಪಾಸಣೆಯ ಚೀಟಿಗಳೂ ಒಂದು ಜೊತೆ ಒಳಚಡ್ಡಿಯೂ ಇರುತ್ತವೆ. ತಾಯಿಯವರು ಬೀಡಿ ಕಟ್ಟುವುದನ್ನು ನಿಲ್ಲಿಸಿಲ್ಲ. ಪಿಂಚಣಿಗೆ ಇನ್ನೂ ಕೆಲವು ವರ್ಷಗಳಿವೆ. ತಡಪೆಯನ್ನು ಮಾತ್ರ ನೆರೆಮನೆಯ ಜಗಲಿಗೆ ಸಾಗಿಸಿದ್ದಾರೆ. ಸಂಜೆ ಕೈತೊಳೆದೇ ಮನೆಗೆ ಬರುತ್ತಾರೆ.

ಹಾಜಿಯವರು ತಿಂಗಳಿಗೊಮ್ಮೆ ಫೋನು ಮಾಡುತ್ತಾರೆ. ಅವರಿಗೆ ಚೀಲದ ಅಂಟು ಬೆವರಿಗೆ ಬಿಡುವುದರ ಕಷ್ಟ, ಚೀಲದ ಬೆಲೆಯ ಕಷ್ಟ. ಆದರೆ ರಾತ್ರಿ ಒಂದು ದೊಡ್ಡ ಚೀಲವನ್ನು ಕೊಳವೆಯಿಂದ ಸಿಕ್ಕಿಸಿಕೊಂಡರೆ ಬೆಳಗಿನ ಬಾಂಗಿನವರೆಗೆ ಏಳಬೇಕಾಗಿಲ್ಲ. "ನಿಮ್ಮ ಅಪ್ಪನದು ಒಳಗಿದೆ, ನಿದ್ದೆಯಿಲ್ಲ; ನನ್ನದು ಹೊರಗಿದೆ, ನಿದ್ದೆಯುಂಟು" ಎಂದು ನಗುತ್ತಾರೆ. ತಂದೆಯವರು ಆ ಮಾತನ್ನು ಕೇಳಿದಾಗಲೆಲ್ಲ, "ಅವರಿಗೆ ಅದು, ನನಗೆ ಇದು" ಎನ್ನುತ್ತಾರೆ.

ಬರುವ ಸುಗ್ಗಿಯ ತಪಾಸಣೆಗೆ ದಿನ ಗೊತ್ತಾಗಿದೆ. ಅದಕ್ಕೆ ಮೊದಲು ನೆರೆಯೂರಿನ ಬಯಲಿನಲ್ಲಿ ಒಂದು ಆಟವಿದೆ, ಕಾಲಮಿತಿಯದಲ್ಲ, ಬೆಳಗಿನವರೆಗಿನದು. ಎರಡು ವರ್ಷಗಳಿಂದ ತಂದೆಯವರು ಇಡೀ ರಾತ್ರಿಯ ಆಟ ನೋಡಿಲ್ಲ. ಹಾಜಿಯವರೂ ಬರುತ್ತಾರಂತೆ. ಬಯಲಿಗೆ ಹೋಗಿ, ಪಾಯಿಖಾನೆ ಎಲ್ಲಿ ಕಟ್ಟುತ್ತಾರೆ, ಅದಕ್ಕೆ ದೀಪ ಉಂಟೋ ನೋಡಿ ಬಾ ಎಂದು ನಮ್ಮನ್ನು ಕಳುಹಿಸಿದ್ದಾರೆ.